ಮೂಗುಮನೆ ಅತ್ತೆ ಗೆಲ್ಲಿಸಿದ ಸಂಸದರು

ನಗರದ ನಟ್ಟನಡುವೆ ಒಂದು ಸಂಸತ್ ಕ್ಷೇತ್ರವಿತ್ತು. ಈಗಿಲ್ಲ. ಅದನ್ನು ನಕ್ಷೆಯ ಮೇಲೆ ಎರಡು ಹೋಳು ಮಾಡಿ ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಬಿಟ್ಟರು. ಇದ್ದಷ್ಟು ಕಾಲ ಅದು ಸಂಸತ್ತಿಗೆ ಕಳಿಸಿದವರಲ್ಲಿ ಒಬ್ಬನಾದರೂ ಅಲ್ಲಿ ಎದ್ದುನಿಂತು ಒಂದು ಉಪಯೋಗದ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಆದರೆ ಅವರಷ್ಟೂ ಜನರನ್ನು ಗೆಲ್ಲಿಸಿದ್ದು ನನ್ನ ಸೋದರತ್ತೆ ಎಂದು ಆ ಬೀದಿಯವರು ನಂಬಿದ್ದರು. ಅತ್ತೆ ಭಾಷಣ ಮಾಡಿದವರಲ್ಲ, ಯಾವ ಪಕ್ಷವನ್ನೂ ಸೇರಿದವರಲ್ಲ. ದರ್ಜಿ ಅಂಗಡಿಗಳಿಂದ ಬಂದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿ ಕೊಡುತ್ತಿದ್ದರು.

ಈ ಕ್ಷೇತ್ರದ ಚರಿತ್ರೆ ಬರೆಯುವ ಪಂಡಿತರು ಯಾರಾದರೂ ಇದ್ದರೆ ಸಿದ್ಧಾಂತ, ಅಲೆ, ಜನಾದೇಶ ಎಂದೆಲ್ಲ ಬರೆದಾರು. ಬರೆಯಲಿ, ಕಾಗದಕ್ಕೇನು ನಾಚಿಕೆಯೇ. ಕಾಲೇಜಿಗೆ ಹತ್ತಿರವೆಂದು ಅಪ್ಪ ನನ್ನನ್ನು ತಮ್ಮ ತಂಗಿಯ ಮನೆಯಲ್ಲಿ ಬಿಟ್ಟಿದ್ದರಿಂದ, ನಾನು ಕಂಡ ಜನಾದೇಶವೆಲ್ಲ ಅತ್ತೆಯ ಅಡುಗೆಮನೆಯ ಬಾಗಿಲಿನಿಂದ ಕಂಡದ್ದು. ಅಲ್ಲಿಂದ ನೋಡಿದರೆ ಅದಕ್ಕೆ ಬೇರೆಯದೇ ವಾಸನೆಯಿತ್ತು. ಬೆವರು, ಅಂಟು ಮತ್ತು ಹೆಚ್ಚು ಹೊತ್ತು ಕುದಿಸಿದ ಟೀ.

ಬೀದಿಯ ಬಾಯಲ್ಲೇ ಅತ್ತೆಯ ಮನೆ. ಉಳಿದ ಮನೆಗಳೆಲ್ಲ ಮರ್ಯಾದೆಯಾಗಿ ಒಂದು ಸಾಲಿಗೆ ನಿಂತಿದ್ದರೆ, ಅತ್ತೆ ಮನೆಯ ಮುಂದಿನ ಕೋಣೆ ಮಾತ್ರ ಬೀದಿಯೊಳಕ್ಕೆ ಚಾಚಿಕೊಂಡಿತ್ತು. ಮಾವನ ತಂದೆ ಅದನ್ನು ಕಟ್ಟಿಸುವಾಗ ಆ ಬೀದಿ ಬರೀ ಕಾಲುದಾರಿಯಾಗಿತ್ತಂತೆ. ಕಾಲುದಾರಿ ಬೀದಿಯಾಯಿತು, ಬೀದಿಯ ಬಾಯಿಗೆ ಲಾರಿ ಬಂತು, ಕೋಣೆ ಮಾತ್ರ ಇದ್ದಲ್ಲೇ ಇತ್ತು. ಜನ ಅದನ್ನು ಮೂಗುಮನೆ ಅಂದರು, ಅತ್ತೆಯನ್ನು ಮೂಗುಮನೆಯಮ್ಮ ಅಂದರು. ಅತ್ತೆ ಆ ಕೋಣೆಯ ಕಿಟಕಿಯ ಪಕ್ಕ ಕೂತು, ಅಂಗಿಯ ಸೀಳನ್ನು ತೊಡೆಯ ಮೇಲೆ ಬಿಗಿಹಿಡಿದು, ಅದರ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತುತ್ತಿದ್ದರು. ಕೈ ಕೆಲಸದಲ್ಲಿ, ಕಣ್ಣು ಬೀದಿಯಲ್ಲಿ. ನೋಡದೆ ಕಾಜಾ ಹೊಲಿಯುವುದು ಅವರಿಗೆ ಉಸಿರಾಡಿದಷ್ಟು ಸಲೀಸು.

ಆ ಕೋಣೆಯ ಗೋಡೆಯ ಮೇಲೆ ನಗರಸಭೆಯವರು ಒಂದು ಕೆಂಪು ಗೆರೆ ಎಳೆದು ಹೋಗಿದ್ದರು. ರಸ್ತೆ ಅಗಲ ಮಾಡುವ ಗೆರೆ. ಅದರ ಪ್ರಕಾರ ಒಡೆದರೆ ಮುಂದಿನ ಕೋಣೆ ಪೂರ್ತಿ ಹೋಗಿ, ನಡುಕೋಣೆ ಅರ್ಧ ಹೋಗಿ, ಅತ್ತೆಗೆ ಒಂದು ಒಲೆಯೂ ಒಂದು ಬಚ್ಚಲೂ ಉಳಿಯುತ್ತಿದ್ದವು. ಅತ್ತೆಗೆ ಮಕ್ಕಳಿರಲಿಲ್ಲ. ಆಸ್ತಿ ಎಂದು ಇದ್ದದ್ದು ಆ ಗೋಡೆಗಳು. ಇನ್ನೊಬ್ಬರ ಮನೆಯಲ್ಲಿ ಮೂಲೆ ಹಿಡಿದು ಕೂರುವ ಹೆಂಗಸರನ್ನು ಅತ್ತೆ ಬೇಕಾದಷ್ಟು ಕಂಡಿದ್ದರು, ತಾವು ಹಾಗಾಗುವುದಿಲ್ಲ ಎಂದು ಹಟ ತೊಟ್ಟಿದ್ದರು. ಅವರ ಬಾಳಿನ ಹೋರಾಟವೆಲ್ಲ ಆ ಗೆರೆಯ ಜೊತೆಗೆ.

ಮೊದಲು ಬಂದವರು ವಕೀಲರು. ಬಲಾಢ್ಯರನ್ನು ಎದುರು ಹಾಕಿಕೊಂಡು ನಿಂತಿದ್ದರಿಂದ ಅವರಿಗೆ ಚುನಾವಣಾ ಕಚೇರಿಗೆಂದು ಯಾರೂ ಜಾಗ ಕೊಟ್ಟಿರಲಿಲ್ಲ. ಅತ್ತೆ ಮುಂದಿನ ಕೋಣೆ ಕೊಟ್ಟರು. ಮಳೆಗಾಲ. ಚಾವಣಿ ಒಂದು ಕಡೆ ಸೋರುತ್ತಿತ್ತು, ಕೆಳಗೆ ತಗಡಿನ ಬಕೆಟ್ಟು ಇಟ್ಟಿದ್ದರು. ವಕೀಲರು ಆ ಬಕೆಟ್ಟಿನ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೂತರು, ಯಾರೂ ನಿರೀಕ್ಷಿಸದೆ ಗೆದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು. ಬುದ್ಧಿಯಿದ್ದ ಊರಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಗೆದ್ದ ದಿನ ವಕೀಲರು ಅತ್ತೆಯ ಮುಂದೆ ಕೈಮುಗಿದು ನಿಂತಿದ್ದರಂತೆ.

“ಅಮ್ಮಾ, ಈ ಗೆರೆ ಅಳಿಸಿ ಹಾಕದೆ ನಾನು ಮತ್ತೆ ನಿಮ್ಮ ಹೊಸ್ತಿಲು ತುಳಿಯಲ್ಲ.”

ಮಾತಿಗೆ ತಪ್ಪಲಿಲ್ಲ ಮಹಾನುಭಾವರು. ಮುಂದಿನ ಚುನಾವಣೆಗೆ ಅದೇ ಕೋಣೆ ಕೇಳಲು ಬಂದಾಗ ಹೊಸ್ತಿಲು ತುಳಿಯದೆ, ಕಾಲೆತ್ತಿ ದಾಟಿಕೊಂಡು ಬಂದರು.

ಆ ಸಲ ಅವರ ಎದುರು ನಿಂತಿದ್ದವನು ಸೋಡಾ ಕಾರ್ಖಾನೆಯ ಸಾಹುಕಾರ. ದೊಡ್ಡ ಕಟ್ಟಡವನ್ನೇ ಬಾಡಿಗೆಗೆ ಹಿಡಿದು, ಬೀದಿ ತುಂಬ ಪುಕ್ಕಟೆ ಸೋಡಾ ಹಂಚಿ ಸೋತ. ಸೋತವನಿಗೆ ತನ್ನ ಸೋಡಾದಲ್ಲಿ ತಪ್ಪು ಕಾಣಲಿಲ್ಲ, ತನ್ನ ಮುಖದಲ್ಲೂ ಕಾಣಲಿಲ್ಲ. “ಎಲ್ಲಾ ಆ ಮೂಗುಮನೆ ರೂಮಿನ ಮಹಿಮೆ” ಅಂದುಬಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಅಂದಿನಿಂದ ಅದು ಗೆಲ್ಲಿಸುವ ಕೋಣೆಯಾಯಿತು.

ಕೋಣೆಯಲ್ಲಿ ಏನೇನಿತ್ತೋ ಎಲ್ಲವೂ ಮಹಿಮೆಯ ಪಾಲುದಾರರಾದವು. ಮೇಜು ಸರಿಸುವಂತಿಲ್ಲ, ಕಿಟಕಿಗೆ ಬಣ್ಣ ಬಳಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೋರುವುದನ್ನು ನಿಲ್ಲಿಸುವಂತಿಲ್ಲ. ಒಂದು ಚುನಾವಣೆ ಸುಡುಬೇಸಿಗೆಯಲ್ಲಿ ಬಂತು. ಆಗ ಕೋಣೆ ಹಿಡಿದಿದ್ದವನು ಅದೇ ಸೋಡಾ ಸಾಹುಕಾರ. ಬಕೆಟ್ಟು ಒಣಗಿ ನಿಂತದ್ದು ಕಂಡು ಅವನ ಮುಖವೂ ಒಣಗಿತು. ತನ್ನ ಕಡೆಯವನೊಬ್ಬನನ್ನು ಚಾವಣಿಗೆ ಹತ್ತಿಸಿ ಕೊಡದಲ್ಲಿ ನೀರು ಹೊಯ್ಯಿಸಿದ. ನೀರು ಹಳೆಯ ಬಿರುಕು ಬಿಟ್ಟು ಹೊಸ ಬಿರುಕು ಹುಡುಕಿಕೊಂಡು, ಮತದಾರರಿಗೆ ಹಂಚಲು ಇಟ್ಟಿದ್ದ ಚೀಟಿಗಳ ಮೇಲೆಲ್ಲ ಸುರಿಯಿತು. ಹೆಸರುಗಳು ನೀಲಿ ಗಂಜಿಯಾದವು. ಸಾಹುಕಾರ ಮಾತ್ರ “ಬಿತ್ತು, ಬಿತ್ತು” ಎಂದು ಚಪ್ಪಾಳೆ ತಟ್ಟಿದ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಇಂಥವನನ್ನು ಕಾನೂನು ಮಾಡಲು ಕಳಿಸುತ್ತಿದ್ದೇವಲ್ಲ ಅಂದುಕೊಂಡೆ.

ಕಳಿಸಿದೆವು. ಗೆದ್ದ. ಸಂಸತ್ತಿನಲ್ಲಿ ಅವನು ಬಾಯಿ ಬಿಟ್ಟದ್ದು ಒಂದೇ ಸಲವಂತೆ. ಕಿಟಕಿ ಹಾಕಿ, ಚಳಿಯಾಗುತ್ತಿದೆ ಅಂದನಂತೆ.

ಕೋಣೆಯ ಮಹಿಮೆ ಏನೆಂದು ನನಗೆ ಅತ್ತೆ ಒಂದು ದಿನ ತಾವಾಗಿಯೇ ಹೇಳಿದರು. ಎದುರಿನ ಮೂಲೆಯಲ್ಲಿ ಬೀಟ್ ಪೊಲೀಸಿನವನ ಸ್ಟೂಲು ಇತ್ತು. ವರ್ಗವಾಗಿ ಪೇದೆಗಳು ಬದಲಾಗುತ್ತಿದ್ದರು, ಸ್ಟೂಲು ಅದೇ. ಅಭ್ಯರ್ಥಿಗಳ ವಾಹನ ಬಂದಾಗ ಪೇದೆ ಕೆಲವರಿಗೆ ಅರ್ಧ ಏಳುತ್ತಿದ್ದ, ಒಬ್ಬನಿಗೆ ಮಾತ್ರ ಪೂರ್ತಿ ಎದ್ದು ಟೋಪಿ ಸರಿಮಾಡಿಕೊಳ್ಳುತ್ತಿದ್ದ.

“ಅವನು ಪೂರ್ತಿ ಎದ್ದವನಿಗೆ ನಾನು ರೂಮು ಕೊಡ್ತೀನಿ ಅಷ್ಟೇ,” ಅಂದರು ಅತ್ತೆ, ದಾರವನ್ನು ಹಲ್ಲಿನಿಂದ ಕಡಿಯುತ್ತ. “ಗೆಲ್ಲೋರು ಯಾರು ಅಂತ ಅವನ ಮೊಣಕಾಲಿಗೆ ಮೊದಲೇ ಗೊತ್ತಿರತ್ತೆ. ರೂಮಿಗೆ ಏನು ಗೊತ್ತು, ಸುಣ್ಣ ಮಣ್ಣು.”

“ಮತ್ತೆ ಜನಕ್ಕೆ ಹೇಳಬಾರದಾ ಅತ್ತೆ?”

“ಯಾಕೆ ಹೇಳ್ಲಿ? ಅವರು ಹಾಗೆ ನಂಬಿರೋ ತನಕ ಈ ಗೋಡೆ ಮುಟ್ಟೋ ಧೈರ್ಯ ಯಾರಿಗೂ ಬರಲ್ಲ.”

ನಿಜವೂ ಹೌದು. ಗೆದ್ದವರು ಒಬ್ಬರಾದ ಮೇಲೊಬ್ಬರು ಗೆರೆ ಅಳಿಸುತ್ತೇನೆ ಎಂದು ಅತ್ತೆಯ ಮೂಗಿಗೆ ತುಪ್ಪ ಸವರಿ ಹೋದರು, ಯಾರೂ ಅಳಿಸಲಿಲ್ಲ. ಆದರೆ ಒಡೆಯಲೂ ಬಿಡಲಿಲ್ಲ. ನಗರಸಭೆಯವರು ಸುತ್ತಿಗೆ ಹಿಡಿದು ಬಂದರೆ ಸಾಕು, ಫೋನು ಹೋಗುತ್ತಿತ್ತು, ಅವರು ಬಂದ ದಾರಿಯಲ್ಲೇ ಹಿಂದಕ್ಕೆ. ಜನರ ಸೇವೆಗೆ ಮಾಡದ ಫೋನನ್ನು ಆ ಮಹನೀಯರು ಒಂದು ಸೋರುವ ಚಾವಣಿಗಾಗಿ ಮಾಡುತ್ತಿದ್ದರು.

ಇದರ ನಡುವೆ ಮಾವ ತೀರಿಕೊಂಡರು. ಆ ಬೀದಿಯ ಒಳಗಡೆ ಒಂದು ಚಿತ್ರಮಂದಿರವಿತ್ತು, ಮಾವ ಅಲ್ಲಿ ಟಿಕೆಟ್ ಕೊಡುವ ಗುಮಾಸ್ತರು. ಮಧ್ಯಾಹ್ನದ ಆಟಕ್ಕೆ ಟಿಕೆಟ್ ಹರಿಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದರು. ಆಂಬುಲೆನ್ಸ್ ಬೇಗ ಬಂತು, ಬೀದಿಯ ಬಾಯಿಗೆ ಬಂದು ನಿಂತುಬಿಟ್ಟಿತು. ಮೂಗುಮನೆಯ ಮೂಲೆಗೂ ಎದುರುಗೋಡೆಗೂ ನಡುವೆ ಅದು ತೂರಲಿಲ್ಲ. ಕೊನೆಗೆ ಟಿಕೆಟ್ ಕೌಂಟರಿನ ಕುರ್ಚಿಯ ಮೇಲೆ ಮಾವನನ್ನು ಕೂರಿಸಿ ನಾಲ್ವರು ಹೊತ್ತು ತಂದರು. ಕುರ್ಚಿ ಮನೆಯ ಕಿಟಕಿಯ ಮುಂದೆಯೇ ಹಾದುಹೋಯಿತು. ಅತ್ತೆ ಸೂಜಿ ಹಿಡಿದ ಕೈಯಲ್ಲೇ ಹೊರಗೆ ಓಡಿದರು. ಆಂಬುಲೆನ್ಸಿನ ಬಾಗಿಲು ಮುಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತೆ ಅದರ ಬಗ್ಗೆ ಯಾರ ಹತ್ತಿರವೂ ಮಾತೆತ್ತಲಿಲ್ಲ. ಅವರೆದುರು ಮಾತೆತ್ತುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಮೊದಲಿಗಿಂತ ಬಿಗಿಯಾಗಿ ಮನೆ ಹಿಡಿದುಕೊಂಡರು. ನನಗೆ ಅವರ ಮೇಲೆ ಮರುಕವೂ ಇತ್ತು, ಸಿಟ್ಟೂ ಇತ್ತು. ಗಂಡನ ಆಂಬುಲೆನ್ಸನ್ನು ತಡೆದ ಗೋಡೆಯನ್ನು ಇಷ್ಟೊಂದು ಪ್ರೀತಿಸುವುದು ಹೇಗೆ ಎಂದು ಆಗ ಅರ್ಥವಾಗುತ್ತಿರಲಿಲ್ಲ. ಆಮೇಲೆ ನನಗೆ ಮದುವೆಯಾಯಿತು, ಊರಂಚಿನ ಬಡಾವಣೆಗೆ ಬಂದೆ, ನನ್ನ ಓಟು ನನ್ನ ಜೊತೆ ಅಲ್ಲಿಗೆ ಬಂತು. ಅತ್ತೆಯನ್ನು ನೋಡಲು ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ.

ನನ್ನಂತೆ ಎಲ್ಲರೂ ಊರಂಚಿಗೆ ಹೊರಟಿದ್ದರು. ಚಿತ್ರಮಂದಿರ ಗೋದಾಮಾಯಿತು. ಅದರ ಪಕ್ಕದ ಮನೆಗಳು ಲಾಡ್ಜಾದವು, ಬ್ಯಾಂಕಾದವು, ಪೆಟ್ಟಿಗೆ ಪೇರಿಸಿಡುವ ಜಾಗವಾದವು. ಹಗಲಲ್ಲಿ ಕಾಲಿಡಲು ಜಾಗವಿಲ್ಲ, ಸಂಜೆ ಶಟರು ಎಳೆದ ಮೇಲೆ ಕಾವಲುಗಾರರೂ ನಾಯಿಗಳೂ ಮಾತ್ರ. ಓಟು ಹಾಕುವವರು ಕಡಿಮೆಯಾಗುತ್ತ ಹೋದರು. ಸಂಸದ ಮಾತ್ರ ಮೊದಲಿನಷ್ಟೇ ದಪ್ಪಗಿದ್ದ. ಈ ಹೊತ್ತಿಗೆ ಕ್ಷೇತ್ರ ವಕೀಲರ ಅಳಿಯನ ಪಾಲಾಗಿತ್ತು. ವಕೀಲ ಮಾವನಿಗೆ ಕಾನೂನಾದರೂ ಗೊತ್ತಿತ್ತು, ಅಳಿಯನಿಗೆ ಮಾವ ಮಾತ್ರ ಗೊತ್ತಿತ್ತು. ಒಮ್ಮೆ ಅತ್ತೆ ಸೋರುವುದನ್ನು ತಡೆಯಲಾರದೆ ಗಾರೆಯವನನ್ನು ಕರೆಸಿದಾಗ, ಅಳಿಯನ ಕಡೆಯವರು ಓಡಿಬಂದು ಅವನ ಏಣಿಯನ್ನೇ ಕಿತ್ತುಕೊಂಡು ಹೋಗಿದ್ದರು.

ಕೊನೆಯ ಚುನಾವಣೆಯ ಕಥೆ ಬೇರೆ. ಅದು ಕೊನೆಯದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಪೇದೆ ಅಳಿಯನಿಗೆ ಪೂರ್ತಿ ಎದ್ದಿದ್ದ. ಅತ್ತೆ ಕೋಣೆ ಗುಡಿಸಿ ಸಿದ್ಧವಾಗಿದ್ದರು. ಅವತ್ತು ನಾನೂ ಅಲ್ಲೇ ಉಳಿಯಲು ಬಂದಿದ್ದೆ. ಅಳಿಯನ ಕಡೆಯವರಿಗಿಂತ ಮೊದಲು ಒಬ್ಬ ಹೆಂಗಸು ಬಾಗಿಲು ತಟ್ಟಿದರು. ಪಕ್ಕದ ಬೀದಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು, ಸುತ್ತಲಿನವರೆಲ್ಲ ದೊಡ್ಡ ಮೇಡಂ ಅನ್ನುತ್ತಿದ್ದರು. ಪಕ್ಷವಿಲ್ಲದೆ ಒಬ್ಬರೇ ನಿಂತಿದ್ದರು. ಜೊತೆಗೆ ಯಾರೂ ಇರಲಿಲ್ಲ, ಕೈಯಲ್ಲೊಂದು ಛತ್ರಿ.

“ರೂಮು ಬೇಕಿತ್ತಮ್ಮ,” ಅಂದರು.

ಅತ್ತೆ ತಲೆ ಎತ್ತದೆ, “ಕೊಟ್ರೆ ಗೆರೆ ಅಳಿಸ್ತೀರಾ?” ಅಂದರು. ಪ್ರತಿ ಸಲದ ಪ್ರಶ್ನೆ.

“ಇಲ್ಲ. ಆ ಗೆರೆ ಸರಿಯಾಗೇ ಇದೆ.”

ಅತ್ತೆಯ ಸೂಜಿ ನಿಂತಿತು.

“ನಾನು ಗೆದ್ರೆ ಈ ರಸ್ತೆ ಅಗಲ ಮಾಡಿಸ್ತೀನಿ. ಒಳಗಡೆ ಗೋದಾಮಿಗೆ ಬೆಂಕಿ ಬಿದ್ರೆ ನೀರಿನ ಗಾಡಿ ಬರಲ್ಲ. ನಿಮ್ಮ ಯಜಮಾನರನ್ನ ಕುರ್ಚಿ ಮೇಲೆ ಹೊತ್ಕೊಂಡು ಹೋದದ್ದು ನಾನು ಶಾಲೆ ಗೇಟಿಂದ ನೋಡಿದೀನಿ. ಆದ್ರೆ ಒಂದು ಹೇಳ್ತೀನಿ. ಗೋಡೆಗೆ ಮೊದಲ ಏಟು ಬೀಳೋ ಮುಂಚೆ ಬೇರೆ ಮನೆ ಕೀಲಿಕೈ ನಿಮ್ಮ ಕೈಲಿರತ್ತೆ. ನಿಮ್ಮ ಹೆಸರಿಗೇ. ಅದಾಗಲಿಲ್ಲ ಅಂದ್ರೆ ಬುಲ್ಡೋಜರ್ ಮುಂದೆ ನಾನೇ ಕೂತ್ಕೋತೀನಿ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅತ್ತೆ ಒದೆಯಲಿಲ್ಲ, ಅದೊಂದು ಬಾಕಿ. ಮಡಿಲಲ್ಲಿದ್ದ ಅಂಗಿಗಳನ್ನು ನೆಲಕ್ಕೆ ಕೊಡವಿ ಎದ್ದರು. “ನನ್ನ ಮನೆಗೆ ಬಂದು ನನ್ನ ಗಂಡನ ಹೆಣ ತೋರಿಸ್ತೀಯಾ” ಎಂದು ಏಕವಚನದಲ್ಲಿ ಬೈದು ಬಾಗಿಲು ಹಾಕಿಕೊಂಡರು. ದೊಡ್ಡ ಮೇಡಂ ಛತ್ರಿ ಬಿಚ್ಚಿಕೊಂಡು ಹೋದರು.

ಅಂದೆಲ್ಲ ಅತ್ತೆ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಅಳಿಯನ ಕಡೆಯವರು ಬ್ಯಾನರು ಹೊತ್ತು ಬಂದಾಗ, “ರೂಮು ಖಾಲಿ ಇಲ್ಲ” ಅಂದರು. ಅವರು ಹಲ್ಲು ಕಿರಿದು ತಮಾಷೆ ಅಂದುಕೊಂಡರು. ಅತ್ತೆ ನನ್ನನ್ನು ಕರೆದು, “ಹೋಗಿ ಆ ಮೇಡಮ್ಮನ್ನ ಕರ್ಕೊಂಡು ಬಾ” ಅಂದರು.

“ಪೇದೆ ಅವರಿಗೆ ಎದ್ದಿಲ್ಲ ಅತ್ತೆ. ಕೂತೇ ಇದ್ದ,” ಅಂದೆ.

“ಗೊತ್ತು. ಇಷ್ಟು ವರ್ಷ ಈ ರೂಮಲ್ಲಿ ಕೂತೋರೆಲ್ಲ ಸುಳ್ಳೇ ಹೇಳಿದ್ರು. ನಾನೂ ಹೂಂ ಹೂಂ ಅಂತಿದ್ದೆ. ಅವರನ್ನ ಕೂರಿಸೋಕೆ ಕಿಟಕಿ ಬಿಟ್ಟು ಎದ್ದುಹೋಗ್ತಿದ್ದೆ. ಒಬ್ಬರಾದ್ರೂ ನಿಜ ಹೇಳಿದೋರು ಕೂರಲಿ.”

ನನಗೆ ಅತ್ತೆಯ ಮೇಲೆ ಎಂದೂ ಇಲ್ಲದ ಗೌರವ ಬಂತು. ಮೇಡಂ ಅವರನ್ನು ಕರೆತಂದು ಬಿಟ್ಟು, ಬಸ್ಸಿನಲ್ಲಿ ಮನೆಗೆ ಬರುವಾಗ ಇದನ್ನು ಗಂಡನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ.

ದೊಡ್ಡ ಮೇಡಂ ಬಂದವರೇ ಮೊದಲು ಮಾಡಿಸಿದ ಕೆಲಸ ಚಾವಣಿಯ ಬಿರುಕು ಮುಚ್ಚಿಸಿದ್ದು. ಬೀದಿಯವರು ಬಾಯಿ ಬಾಯಿ ಬಡಿದುಕೊಂಡರು. ಆದರೆ ಕೋಣೆಗೆ ಬರುವುದನ್ನು ಬಿಡಲಿಲ್ಲ. ದರ್ಜಿಗಳು ಬಂದರು, ಟೀ ಅಂಗಡಿಯವನು ಬಂದ, ಲಾಡ್ಜಿನ ಮ್ಯಾನೇಜರು ಬಂದ. ದೊಡ್ಡ ಮೇಡಂ ಅವರೆಲ್ಲರ ಮಕ್ಕಳಿಗೆ ಪಾಠ ಹೇಳಿದ್ದವರು. ಎಲ್ಲರೂ ಕುರ್ಚಿಯ ತುದಿಯಲ್ಲಿ ಕೂತು, “ನಮ್ಮ ಓಟು ನಿಮಗೇ ಮೇಡಂ, ಇಂಥೋರು ಬರಬೇಕು” ಎಂದು ಅತ್ತೆ ಮಾಡಿದ ಟೀ ಕುಡಿದರು. ಅಳಿಯನ ಕಡೆಯವರ ಮುಖ ಸಣ್ಣದಾಗಿತ್ತು. ಒಂದೆರಡು ದಿನ ನಾನೂ ನಂಬಿದೆ.

ಅಳಿಯ ಗೆದ್ದ. ಸುಮ್ಮನೆ ಗೆಲ್ಲಲಿಲ್ಲ, ಹಿಂದೆಂದಿಗಿಂತ ಜೋರಾಗಿ ಗೆದ್ದ. ಆಮೇಲೆ ಬೀದಿಯಲ್ಲಿ ಸಿಕ್ಕಿದವರೆಲ್ಲ “ನಾನಂತೂ ಮೇಡಂಗೇ ಹಾಕಿದ್ದು, ಬೇರೆಯವರು ಕೈಕೊಟ್ಟರು” ಅನ್ನುವವರೇ. ಹಾಗೆ ಆಣೆ ಹಾಕಿದವರನ್ನೆಲ್ಲ ಕೂಡಿಸಿದ್ದರೆ ಆ ತಾಯಿ ಪ್ರಧಾನಿಯಾಗಿರುತ್ತಿದ್ದರು. ಸೋತದ್ದಕ್ಕೆ ಕಾರಣ ಬೇಕಲ್ಲ, ಅದನ್ನೂ ಹುಡುಕಿದರು. ಬಿರುಕು ಮುಚ್ಚಿದ್ದೇ ತಪ್ಪಂತೆ. ಅತ್ತೆಯನ್ನು ಕೇಳಿದರೆ, “ಓಟು ಗುಟ್ಟಿನ ವಿಷಯ, ಕೆಲಸ ನೋಡು” ಎಂದು ಗದರಿದರು.

ಕೋಣೆ ಇಲ್ಲದೆಯೂ ಅಳಿಯ ಗೆದ್ದಿದ್ದ. ಅಂದರೆ ಕೋಣೆ ಬರೀ ಕೋಣೆ. ಇದು ಎಲ್ಲರ ತಲೆಗೂ ಒಟ್ಟಿಗೆ ಹೊಳೆಯಿತು, ಹೊಳೆಯಲು ಅಷ್ಟು ವರ್ಷ ಬೇಕಾಯಿತು. ನಗರಸಭೆಯವರು ಬಂದು ಮಾಸಿದ ಕೆಂಪು ಗೆರೆಯ ಮೇಲೆ ಹೊಸ ಕೆಂಪು ಬಳಿದು ಹೋದರು. ಈ ಸಲ ಯಾರ ಫೋನೂ ಹೋಗಲಿಲ್ಲ. ಅತ್ತೆ ಅಳಿಯನ ಮನೆಗೆ ಹೋದರೆ ಅವನು ವೆರಾಂಡದಲ್ಲೇ ನಿಲ್ಲಿಸಿದ. ಹೊಳೆ ದಾಟಿದವನಿಗೆ ಅಂಬಿಗನ ಗುರುತು ಹತ್ತಲಿಲ್ಲ.

“ಈ ಕ್ಷೇತ್ರಾನೇ ಇನ್ನಿರಲ್ಲ ಬಿಡಿ ಅಮ್ಮ,” ಅಂದ. “ನಿಮ್ಮಲ್ಲಿ ಓಟೆಲ್ಲಿದೆ? ಬರೀ ಗೋದಾಮು. ನನಗೆ ಪಕ್ಷದೋರು ಬೇರೆ ಕಡೆ ಸೀಟು ನೋಡಿದಾರೆ.”

ಹಾಗೇ ಆಯಿತು. ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸುವ ಆಯೋಗ ಒಂದು ಬಂತು, ನಗರದ ನಡುವನ್ನು ಉತ್ತರಕ್ಕೂ ದಕ್ಷಿಣಕ್ಕೂ ಹಂಚಿತು. ಗಡಿ ಎಳೆದವರು ಎಲ್ಲಿ ಕೂತು ಎಳೆದರೋ, ಅದು ಅತ್ತೆ ಮನೆಯ ಗೋಡೆಯುದ್ದಕ್ಕೂ ಹೋಯಿತು. ಮನೆ ದಕ್ಷಿಣಕ್ಕೆ ಸೇರಿತು, ಬೀದಿ ಉತ್ತರಕ್ಕೆ ಸೇರಿತು. ಮತ್ತೆ ಚುನಾವಣೆಯಾಗಿ ಎರಡು ಕಡೆಗೂ ಹೊಸ ಸಂಸದರು ಬಂದಾಗ ನಾನೇ ಅತ್ತೆಯನ್ನು ಕರೆದುಕೊಂಡು ಇಬ್ಬರ ಹತ್ತಿರವೂ ಹೋದೆ. ದಕ್ಷಿಣದವನು, “ಮನೆ ನಮ್ಮದೇ, ಒಡೀತಿರೋದು ರಸ್ತೆಯೋರಲ್ವಾ, ಅದು ಉತ್ತರ” ಅಂದ. ಉತ್ತರದವನು, “ರಸ್ತೆ ನಮ್ಮದೇ, ಮನೆ ಕಳ್ಕೊಳ್ತಿರೋರು ದಕ್ಷಿಣದೋರು, ಅಲ್ಲಿ ಕೇಳಿ” ಅಂದ. ಇಬ್ಬರೂ ಬಾಗಿಲ ತನಕ ಬಂದು ಬೀಳ್ಕೊಟ್ಟರು. ಹಳೆಯ ಮೂವರು ಸುಳ್ಳುಗಾರರೇ ವಾಸಿ ಅನ್ನಿಸಿತು, ಸುಳ್ಳು ಹೇಳುವ ಶ್ರಮವನ್ನಾದರೂ ಅವರು ಪಡುತ್ತಿದ್ದರು.

ಪರಿಹಾರ ಎಂದು ಅರ್ಜಿ ಹಾಕಿದ್ದಕ್ಕೆ, ಮುಂದಿನ ಕೋಣೆ ಬೀದಿಯ ಒತ್ತುವರಿ, ಅದಕ್ಕೇನೂ ಬರುವುದಿಲ್ಲ ಅಂದರು. ಮೂರು ಜನ ಸಂಸದರು ಕೂತು ಎದ್ದುಹೋದ ಕೋಣೆ ಒತ್ತುವರಿಯಂತೆ. ಅತ್ತೆಗೆಂದು ನಮ್ಮ ಮನೆಯ ಹಿಂದಿನ ಕೋಣೆಯನ್ನು ನಾನು ಖಾಲಿ ಮಾಡಿಸಿದೆ. ಯಾವುದಕ್ಕೆ ಹೆದರಿ ಅವರು ಬಾಳೆಲ್ಲ ಕಿಟಕಿ ಕಾದಿದ್ದರೋ, ಆ ಮೂಲೆ ನಾನು ಪ್ರೀತಿಯಿಂದ ಕೊಟ್ಟರೂ ಮೂಲೆಯೇ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಡೆಯುವ ದಿನ ಬೆಳಗ್ಗೆ ನಾನೂ ನನ್ನ ಗಂಡನೂ ಸಾಮಾನು ಸಾಗಿಸಲು ಹೋದೆವು. ಬುಲ್ಡೋಜರ್ ಬೀದಿಯ ಬಾಯಲ್ಲಿ ಬಂದು ನಿಂತಿತ್ತು. ಅದರ ಚಾಲಕ ಟೀ ಕುಡಿಯುತ್ತಿದ್ದ. ಬೀದಿಯವರೆಲ್ಲ ಅಂಗಡಿಗಳ ಮೆಟ್ಟಿಲ ಮೇಲೆ ನಿಂತಿದ್ದರು. ಲೊಚಗುಟ್ಟುವುದಕ್ಕೆ ಎಲ್ಲರೂ ಇದ್ದರು, ಒಂದು ಪಾತ್ರೆ ಎತ್ತಿಕೊಡುವುದಕ್ಕೆ ಯಾರೂ ಇರಲಿಲ್ಲ. “ಆವತ್ತು ಮೇಡಂ ಗೆದ್ದಿದ್ರೆ ಬೇರೆ ಮನೆಯಾದ್ರೂ ಸಿಗ್ತಿತ್ತು ಪಾಪ,” ಅಂದ ಟೀ ಅಂಗಡಿಯವನು. ದರ್ಜಿಗಳು ಹೌದು ಹೌದು ಅಂದರು.

ದೊಡ್ಡ ಮೇಡಂ ಬಂದರು. ಮೊದಲಿನ ಹಾಗೇ, ಒಬ್ಬರೇ. ಬಂದವರು ಬುಲ್ಡೋಜರಿನ ಮುಂದೆ ಕೂರಲಿಲ್ಲ. ಅತ್ತೆಯ ಹತ್ತಿರ ಹೋಗಿ, “ಕೀಲಿಕೈ ಕೊಡ್ಸೋಕಾಗಲಿಲ್ಲ ಅಮ್ಮ, ಎಲ್ಲಾ ಕಡೆ ಅಲೆದೆ” ಅಂದರು. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ನೇರ ನಡುಕೋಣೆಗೆ ನಡೆದರು. ಅಲ್ಲಿ ಮಂಚವೊಂದು ಉಳಿದಿತ್ತು. ನನ್ನ ಗಂಡ ಗಾಡಿಯ ಹತ್ತಿರ ಹಗ್ಗ ಬಿಗಿಯುತ್ತಿದ್ದ, ನಾನು ಪಾತ್ರೆಯ ಗಂಟು ಕಟ್ಟುತ್ತಿದ್ದೆ. ಅತ್ತೆ ಮಂಚದ ಈಚೆ ನಿಂತಿದ್ದರು, ಹಿಡಿಯಲಿಲ್ಲ.

“ಮೇಡಂ, ಒಂದು ಮಾತು,” ಅಂದರು. “ನಾನು ನಿಮಗೆ ರೂಮು ಕೊಟ್ಟೆ. ಓಟು ಕೊಡಲಿಲ್ಲ.”

ನನ್ನ ಕೈಯ ಗಂಟು ಸಡಿಲಿತು.

“ಒಳಗೆ ಹೋದೆ. ನಿಮ್ಮ ಗುರುತಿನ ಹತ್ರಾನೇ ಬೆರಳು ತಗೊಂಡು ಹೋದೆ. ಇವರು ಗೆದ್ರೆ ಹೇಳಿದ ಹಾಗೇ ಮಾಡಿಬಿಡ್ತಾರೆ ಅನ್ನಿಸ್ತು. ಮನೆ ಒಡೆದೇಬಿಡ್ತಾರೆ ಅಂತ. ಅಳಿಯನಿಗೆ ಒತ್ತಿ ಬಂದೆ. ನನ್ನ ಒಂದು ಓಟಿಂದ ಏನಾಗತ್ತೆ, ಬೀದಿಯೋರೆಲ್ಲ ನಿಮಗೆ ಹಾಕ್ತಾರಲ್ಲ ಅಂದ್ಕೊಂಡೆ.”

ದೊಡ್ಡ ಮೇಡಂ ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ. ಕಿಟಕಿಯಿಂದ ಹೊರಗೆ, ಮೆಟ್ಟಿಲ ಮೇಲೆ ನಿಂತಿದ್ದ ಜನರ ಕಡೆಗೆ ಒಮ್ಮೆ ನೋಡಿದರು.

“ನಂಗೊತ್ತು ಅಮ್ಮ. ಎಣಿಸೋ ದಿನ ನಾನು ಅಲ್ಲೇ ಕೂತಿದ್ದೆ. ಈ ಬೀದಿ ಬೂತಲ್ಲಿ ನನಗೆ ಬಿದ್ದದ್ದು ಸೊನ್ನೆ.”

ಯಾರೆದುರೂ ತಗ್ಗದ ಅತ್ತೆ ತಲೆ ತಗ್ಗಿಸಿದರು.

“ಗೊತ್ತಿದ್ದೂ ಬಂದ್ರಾ?”

“ಮಂಚ ಒಬ್ಬರ ಕೈಲಿ ಎತ್ತೋಕಾಗಲ್ವಲ್ಲ,” ಅಂದರು ದೊಡ್ಡ ಮೇಡಂ. “ಹಿಡ್ಕೊಳಿ. ಬಾಗಿಲಲ್ಲಿ ಸ್ವಲ್ಪ ಓರೆ ಮಾಡಬೇಕು.”